ತುಂಬಿದ ಹಾಜರಿ

ಬೈಂಡಿಂಗ್ ಕೆಲಸದಲ್ಲಿ ಒಂದು ನೇಮವಿದೆ: ಹೊಲಿಯುವವರು ಓದಬಾರದು. ಪುಟದ ನಂಬರು ನೋಡಬೇಕು, ಹಾಳೆ ಹೊಂದಿಸಬೇಕು, ದಾರ ಎಳೆಯಬೇಕು, ಅಂಟು ಹಚ್ಚಿ ಭಾರದಡಿ ಒತ್ತಿಡಬೇಕು, ಅಷ್ಟೆ. ಹನ್ನೊಂದು ವರ್ಷ ನಾನು ಈ ನೇಮ ಮುರಿದಿರಲಿಲ್ಲ. ವರ್ಷದ ಕೊನೆಗೆ ಶಾಲೆಯ ಜವಾನ ಹಾಜರಿ ಹಾಳೆಗಳ ಕಟ್ಟು ತಂದು ಮೇಜಿನ ಮೇಲೆ ಹಾಕಿ ಹೋದ. ಮೂರನೇ ತರಗತಿಯದನ್ನು ತಿಂಗಳ ಪ್ರಕಾರ ಜೋಡಿಸುತ್ತಿದ್ದಾಗ ಇಪ್ಪತ್ತೇಳನೇ ಸಾಲಿನಲ್ಲಿ ನನ್ನ ಮಗಳ ಹೆಸರು ಕಂಡಿತು.

ಸಾಲಿನುದ್ದಕ್ಕೂ ಹಾ, ಹಾ, ಹಾ. ಒಂದು ದಿನವೂ ಗೈರಿಲ್ಲ. ಕಾಲಿನ ಆಪರೇಷನ್ ಆಗಿ ಅವಳು ಎಚ್ಚರವಿಲ್ಲದೆ ಮಲಗಿದ್ದ ದಿನವೂ ಹಾಜರು.

ನನ್ನ ಗಿಣಿ ಆ ಶಾಲೆಯ ಗೇಟನ್ನೇ ದಾಟಿರಲಿಲ್ಲ. ಬಾಯಿ ನಿಲ್ಲದ್ದಕ್ಕೆ ನಾವಿಟ್ಟ ಹೆಸರು ಗಿಣಿ. ಕಾಲಿಗೆ ಬಲವಿಲ್ಲದಿದ್ದರೇನು, ಮಾತಿಗೆ ನಾಲ್ಕು ಕಾಲು. ಸೇರಿಸಲು ನಾನೊಬ್ಬಳೇ ಹೋಗಿದ್ದೆ. ಹೆಡ್‌ಮಾಸ್ಟರು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಿದರು. "ಮೂರನೇ ತರಗತಿ ಮಹಡಿ ಮೇಲಿದೆಯಮ್ಮ, ಗಾಲಿಕುರ್ಚಿ ಹತ್ತಲ್ಲ. ಹೆಸರು ಬರ್ಕೊಂಡಿರ್ತೀನಿ. ಕೆಳಗೆ ಜಾಗ ಆದ ತಕ್ಷಣ ಹೇಳಿ ಕಳಿಸ್ತೀನಿ." ಬಾಗಿಲ ಮೇಲೆ 'ಎಲ್ಲ ಮಕ್ಕಳಿಗೂ ಸ್ವಾಗತ' ಎಂಬ ಬೋರ್ಡು. ಅವರು ಮಗುವನ್ನು ನೋಡಲೂ ಇಲ್ಲ, ನಾನೇನು ಕೆಲಸ ಮಾಡುತ್ತೇನೆಂದು ಕೇಳಲೂ ಇಲ್ಲ. ತಿಂಗಳಿಗೊಮ್ಮೆ ಹೋಗಿ ವಿಚಾರಿಸಿದರೆ ಅದೇ ಬೆಣ್ಣೆ, ಅದೇ ಮಾತು. ಹೊಲಿಸಿದ ಯೂನಿಫಾರ್ಮು ಪೆಟ್ಟಿಗೆಯಲ್ಲೇ ಉಳಿಯಿತು. ಗಿಣಿ ನನ್ನ ಮೇಜಿನ ಪಕ್ಕ ಕೂತು, ಕತ್ತರಿಸಿ ಬಿಸಾಕಿದ ಹಾಳೆಗಳನ್ನು ಓದುತ್ತ ವರ್ಷ ಕಳೆದಳು.

ಹಾಜರಿ ಹೆಚ್ಚಿದಷ್ಟೂ ಇಲಾಖೆಯಿಂದ ಶಾಲೆಗೆ ಬರುವುದು ಹೆಚ್ಚು; ಮಗು ಬೇಡ, ಹೆಸರು ಬೇಕು. ನನಗೆ ಮೈಯೆಲ್ಲ ಉರಿಯಿತು. ಹಾಳೆಗಳನ್ನು ಹರಿದು ಒಲೆಗೆ ಹಾಕಬೇಕೆನ್ನಿಸಿತು. ಆಮೇಲೆ ಯೋಚಿಸಿದೆ: ಹರಿದರೆ ಆ ಹೆಡ್‌ಮಾಸ್ಟರ ಬದುಕಿದ, ಹೊಲಿದರೆ ಸಿಕ್ಕಿಬಿದ್ದ. ಆ ಪುಸ್ತಕಕ್ಕೆ ಹಾಕಿದಂಥ ಹೊಲಿಗೆ ನಾನು ಯಾವ ಪುಸ್ತಕಕ್ಕೂ ಹಾಕಿಲ್ಲ. ದಾರಕ್ಕೆ ಎರಡು ಸಲ ಮೇಣ ಉಜ್ಜಿದೆ, ಬೆನ್ನಿಗೆ ಕೆಂಪು ಬಟ್ಟೆ ಅಂಟಿಸಿದೆ. ಆಪರೇಷನ್ ಆದ ತಿಂಗಳಿಗೆ ಗುರುತಿನ ಲಾಡಿ ಇಟ್ಟೆ.

ಬಹುಮಾನದ ದಿನ ಶಿಕ್ಷಣ ಇಲಾಖೆಯ ಮೇಡಂ ಬಂದಿದ್ದರು. ಗಿಣಿಗೆ ಯೂನಿಫಾರ್ಮು ಹಾಕಿಸಿ ಮುಂದಿನ ಸಾಲಿಗೆ ತಳ್ಳಿಕೊಂಡು ಹೋದೆ. ತುಂಬಿದ ಹಾಜರಿಯ ಬಹುಮಾನವನ್ನು ಯಾರೋ ಒಬ್ಬ ಹುಡುಗಿಗೆ ಕೊಟ್ಟರು. ನಾನು ಎದ್ದು ನಿಂತೆ.

"ಮೇಡಂ, ನನ್ನ ಮಗಳೂ ಒಂದು ದಿನ ತಪ್ಪಿಸಿಲ್ಲ. ಅವಳಿಗೂ ಕೊಡಿ," ಎಂದು ಪುಸ್ತಕ ಅವರ ಕೈಗಿಟ್ಟೆ. ಅದು ಲಾಡಿ ಇದ್ದಲ್ಲೇ ತೆರೆದುಕೊಂಡಿತು.

ಮೇಡಂ ನಾನು ಬೆರಳಿಟ್ಟ ಸಾಲು ನೋಡಿದರು, ಗಾಲಿಕುರ್ಚಿ ನೋಡಿದರು. "ಈ ಮಗು ದಿನಾ ಬರ್ತಾಳಾ ಸಾರ್?"

ಹೆಡ್‌ಮಾಸ್ಟರ ಬಾಯಲ್ಲಿ ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. "ಬರ್ತಾಳೆ ಮೇಡಂ," ಎಂದರು.

"ತರಗತಿ ಮಹಡಿ ಮೇಲಿದೆಯಲ್ಲ, ಹೇಗೆ ಹತ್ತುತ್ತಾಳೆ?"

"ನಾನೇ ಎತ್ಕೊಂಡು ಹೋಗ್ತೀನಿ ಮೇಡಂ. ನಮ್ಮ ಮಗು ಇದ್ದ ಹಾಗೆ."

"ಎಲ್ಲಿ, ಒಂದ್ಸಲ ಎತ್ಕೊಳ್ಳಿ, ನೋಡೋಣ."

ಅವರು ನಗುನಗುತ್ತ ಇಳಿದುಬಂದು ಎರಡೂ ಕೈ ಚಾಚಿದರು. ಗಿಣಿ ಕುರ್ಚಿಯ ಹಿಂದಕ್ಕೆ ಸರಿದು, ಇಡೀ ಸಭೆಗೆ ಕೇಳುವ ಹಾಗೆ ನನ್ನನ್ನು ಕೇಳಿದಳು: "ಅಮ್ಮಾ, ಇವರು ಯಾರು?"

ಅವಳಿಗೆ ನಾನು ಏನನ್ನೂ ಹೇಳಿಕೊಟ್ಟಿರಲಿಲ್ಲ, ದೇವರಾಣೆ. ಹೆಡ್‌ಮಾಸ್ಟರ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಅವರ ಮುಖ ಸುಟ್ಟ ಬದನೆಕಾಯಿಯಾಯಿತು. ನನ್ನ ಹೊಟ್ಟೆ ತಣ್ಣಗಾಯಿತು. ಅಯ್ಯೋ ಪಾಪ ಎಂದು ಒಂದು ಗಳಿಗೆಯೂ ಅನ್ನಿಸಲಿಲ್ಲ, ಇವತ್ತಿಗೂ ಅನ್ನಿಸಿಲ್ಲ.

ಮೇಡಂ ಅಲ್ಲೇ ಕೂತು ಆದೇಶ ಬರೆಸಿದರು. ಕೆಳಗಿದ್ದ ಹೆಡ್‌ಮಾಸ್ಟರ ಕೋಣೆ ಗಿಣಿಯ ತರಗತಿಯಾಯಿತು, ಅವರ ಮೇಜು ಮಹಡಿ ಹತ್ತಿತು. ಹದಿನೆಂಟು ಮೆಟ್ಟಿಲು. ಅವರಿಗೆ ಮಂಡಿನೋವಂತೆ, ಅದನ್ನು ಕೇಳಿ ಆ ದಿನ ಎರಡು ತುತ್ತು ಹೆಚ್ಚೇ ಉಂಡೆ.

ಶಾಲೆ ಶುರುವಾದ ಮೂರನೇ ವಾರ ಗಿಣಿಗೆ ಜ್ವರ. ಪಾಠ ಏನಾಯಿತೆಂದು ಕೇಳಿಕೊಂಡು ಬರಲು ನಾನೇ ಹೋದೆ. ಟೀಚರ ಮೇಜಿನ ಮೇಲೆ ಹಾಜರಿ ತೆರೆದಿತ್ತು. ಹಳೇ ಚಾಳಿ, ಅವಳ ಸಾಲಿನಲ್ಲಿ ಹಾ ಅಂತ ಗೀಚಿದ್ದರು.

"ಹೆಡ್‌ಮಾಸ್ಟರನ್ನ ಕರೀರಿ," ಎಂದೆ.

ಒಂದೊಂದೇ ಮೆಟ್ಟಿಲು, ಗೋಡೆ ಹಿಡಿದು ಇಳಿದರು. ನಾನು ಹದಿನೆಂಟನ್ನೂ ಎಣಿಸಿದೆ.

"ಬಿಡೀಮ್ಮ, ಒಂದು ದಿನ ತಾನೇ? ಮಗೂಗೆ ಒಳ್ಳೇದೇ ಆಯ್ತಲ್ಲ," ಎಂದರು.

"ನನ್ನ ಮಗಳು ಇವತ್ತು ಬಂದಿಲ್ಲ ಸಾರ್. ಅವಳ ಜಾಗ ಖಾಲಿ ಇದೆ, ನೋಡಿ. ಗೈರು ಅಂತ ಬರೀರಿ."

ಕೆಂಪು ಶಾಯಿಯಲ್ಲಿ ಹಾ ಹೊಡೆದುಹಾಕಿ ಗೈ ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿದರು. ವರ್ಷದ ಕೊನೆಗೆ ಆ ಹಾಳೆಯನ್ನೂ ನಾನೇ ಹೊಲಿಯುತ್ತೇನೆ.