ಹರವಿಯ ಬುಡದ ಬಿಸಿಲು

"ನೆರಳ ಹುಡುಕಾಕ ನೀ ಏನ್ ಗೌಡ್ರ ಸೊಸಿ ಏನ್ಬೇ, ರಂಡೆ? ಏಳ್ ಮ್ಯಾಲ."

ಕಂಬದ ಗೇಣುದ್ದ ನೆರಳಿಗೆ ತಲೆಯೊಡ್ಡಿ ಕೂತಿದ್ದ ಗಂಗಾಬಾಯಿಯ ಬುಟ್ಟಿಯನ್ನು ಕೂಲಿಯವರ ಮುಕಾದಮ ಶಿವಪ್ರಕಾಶ ಒದ್ದ. ಕಲಬುರಗಿಯ ಆ ಐದಂತಸ್ತಿನ ಕಟ್ಟಡದ ಮೇಲೆ ಮೇ ತಿಂಗಳ ನಡುಹಗಲು. ಜೇವರ್ಗಿ ಕಡೆಯ ಗಂಗಾಬಾಯಿ, ಅಫಜಲಪುರ ಕಡೆಯ ಕರೀಮುನ್ನಿಸಾ ನಾಲ್ಕು ವರ್ಷದಿಂದ ಜೋಡಿ. ಒಬ್ಬಳು ತುಂಬಿಕೊಟ್ಟರೆ ಇನ್ನೊಬ್ಬಳು ಹೊರುವುದು.

"ಪೆಟಿಗಿ ಒಳಗ ಮೂವತ್ತೆರಡು ಡಿಗ್ರಿ ಬಂದದ. ಮೂವತ್ತೆರಡಕ್ಕ ಯಾವಾಕಿ ಸತ್ತಾಳ?" ಎಂದ ಮುಕಾದಮ.

ಕರೀಮುನ್ನಿಸಾ ತನ್ನ ಬರಿಗೊರಳು ಮುಟ್ಟಿ ನೋಡಿಕೊಂಡಳು.

ಪೆಟ್ಟಿಗೆ ಬೆಂಕಿಪೊಟ್ಟಣದಷ್ಟಿತ್ತು. ದುಡಿಯುವವರ ಮೈಗೆ ನಗರದ ಬಿಸಿಲು ಎಷ್ಟು ತಾಗುತ್ತದೆಂದು ಅಳೆಯಲು ಬಂದ ಶಾಂಭವಿಯೆಂಬ ಹುಡುಗಿ ಅದನ್ನು ಅವಳ ಕೊರಳಿಗೆ ಹಾಕಿದ್ದಳು. ಹತ್ತು ದಿನ ತೆಗೆಯಬೇಡ, ಅಂಕಿ ಹೆಚ್ಚು ಬಂದರೆ ಹನ್ನೆರಡರಿಂದ ಮೂರರವರೆಗೆ ಕೆಲಸ ನಿಲ್ಲಿಸಲು ಮಾಲೀಕ ಒಪ್ಪಿದ್ದಾನೆ ಎಂದಿದ್ದಳು. ಆದರೆ ಅಂಥ ನಾಜೂಕು ಸಾಮಾನು ಬಿಸಿಲಿಗೆ ಕೆಟ್ಟುಹೋದರೆ? ಕರೀಮುನ್ನಿಸಾ ದಿನಾ ಬೆಳಿಗ್ಗೆ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ನೀರಿನ ಹರವಿಯ ಬುಡದ ಒದ್ದೆ ಮರಳಿನಲ್ಲಿ ಕೂಸನ್ನು ಮಲಗಿಸಿದ ಹಾಗೆ ಇಡುತ್ತಿದ್ದಳು. ಸಂಜೆ ಕೊರಳಿಗೆ ಹಾಕಿಕೊಂಡು ತೋರಿಸುತ್ತಿದ್ದಳು. ಶಾಂಭವಿ ಹುಬ್ಬು ಗಂಟಿಕ್ಕಿ ಅಂಕಿ ಬರೆದುಕೊಂಡರೆ, ಇವಳು ಕೆಟ್ಟಿಲ್ಲವಲ್ಲ ಎಂದು ಹಿಗ್ಗುತ್ತಿದ್ದಳು. ನಿನ್ನೆ ರೊಟ್ಟಿ ತಿನ್ನುವಾಗ ಗಂಗಾಬಾಯಿ ಅದನ್ನು ಕಂಡು, "ನಮ್ಮನ್ನೂ ಹಿಂಗ ಹರವಿ ಬುಡಕ ಇಟ್ರ ಕೆಡೂದಿಲ್ಲ ನೋಡ್ ಆಪಾ" ಎಂದು ನಕ್ಕಿದ್ದಳು.

ಪೆಟ್ಟಿಗೆ ಅಳೆದದ್ದು ಹರವಿಯ ತಂಪನ್ನು. ಅದು ಈಗ ಹೊಳೆಯಿತು. ಇವತ್ತು ಹತ್ತನೆಯ ದಿನ.

ಗಂಗಾಬಾಯಿ ಎದ್ದಳು. ಎರಡನೆಯ ಬುಟ್ಟಿಗೆ, ಕಣ್ಣು ಕತ್ತಲಾಯಿತೆಂದು ಗೊಣಗಿ ಕಬ್ಬಿಣದ ಸರಳುಗಳ ಮೇಲೆ ಕುಸಿದಳು. ಮುಟ್ಟಿದರೆ ಮೈ ಕಾದ ಹಂಚು; ಒಂದು ಹನಿ ಬೆವರಿಲ್ಲ. ನೀರು ಹೊಡೆದರೆ ಏಳುತ್ತಾಳೆ, ಗಾಡಿ ಯಾಕೆ ಎಂದ ಶಿವಪ್ರಕಾಶ. ಸಿಮೆಂಟು ತಂದಿದ್ದ ರಸೂಲ ಅವನ ಮಾತಿಗೆ ಕಿವಿಗೊಡದೆ ಅವಳನ್ನು ಟೆಂಪೊದಲ್ಲಿ ಮಲಗಿಸಿಕೊಂಡು ದವಾಖಾನೆಗೆ ಓಡಿಸಿದ.

ಕರೀಮುನ್ನಿಸಾ ಹರವಿಯ ಬಳಿ ಬಂದು ಮರಳು ಕೆದರಿದಳು. ಬೆನ್ನ ಹಿಂದೆ ಮುಕಾದಮ. ಈ ಸಲ ಅವನ ದನಿ ಮೆತ್ತಗಿತ್ತು.

"ದಿನಾ ನೀನ ಅಲ್ಲಿ ಇಡೋದು ನಾ ನೋಡೇನಿ. ಇವತ್ತೂ ಅಲ್ಲೇ ಇರಲಿ. ಬಾಯಿ ಬಿಟ್ಟಿ ಅಂದ್ರ, ಗಂಗಿ ಸತ್ರ ಆಕೀನ ಕೊಂದಾಕಿ ನೀನ ಅಂತ ಆಕಿ ಮಕ್ಕಳ ಮುಂದ ಹೇಳ್ತೇನಿ."

ಅವನು ಸುಳ್ಳು ಹೇಳುತ್ತಿಲ್ಲ ಎನ್ನುವುದೇ ಅವಳನ್ನು ಹೆಚ್ಚು ಹೆದರಿಸಿತು.

"ಹೇಳ್ರಿ," ಅಂದಳು. "ಸಂಜೀಕ ಪೆಟಿಗಿ ಕೊಟ್ಟ ಆ ಬಾಯಿ ಬರ್ತಾರಲ್ರಿ, ಅವರ ಮುಂದ ನಾನೂ ಖರೇ ಹೇಳ್ತೇನಿ."

ಪೆಟ್ಟಿಗೆ ಕೊರಳಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದಳು. ಮುಕಾದಮ ಅವಳ ತಾಯಿ, ಅಜ್ಜಿಯರನ್ನೆಲ್ಲ ಎಳೆದು ತಂದು ಬೈಯುತ್ತಲೇ ಇದ್ದ. ಮೇಲೆ ಗಂಗಾಬಾಯಿಯ ಬುಟ್ಟಿ ಮಗುಚಿ ಬಿದ್ದಿತ್ತು. ಅದರ ಪಕ್ಕ, ಸುಡುವ ಸರಳುಗಳ ಮೇಲೆ ಕೂತಳು. ಓದು ಬಾರದು, ಪೆಟ್ಟಿಗೆಯ ಅಂಕಿ ಒಂದಾದ ಮೇಲೊಂದು ಬದಲಾಗುವುದಷ್ಟೇ ಕಾಣುತ್ತಿತ್ತು.

ಕೆಳಗೆ ಖಾಲಿ ಟೆಂಪೊ ಬಂದು ನಿಂತಿತು. ರಸೂಲ ಇಳಿಯಲಿಲ್ಲ. ಸ್ಟೇರಿಂಗ್ ಹಿಡಿದು, ತಲೆ ತಗ್ಗಿಸಿ ಹಾಗೇ ಕೂತಿದ್ದ.

ಕರೀಮುನ್ನಿಸಾ ಪೆಟ್ಟಿಗೆಯನ್ನು ಬಿಸಿಲಿಗೆ ಇನ್ನೂ ಎತ್ತರಕ್ಕೆ ಹಿಡಿದಳು.