ಅವ್ವನ ಹೆಸರಿನ ವಾರ್ಡು

"ಏನೇ, ಗೋಡೆನ ಮುದ್ದು ಮಾಡ್ತಿದೀಯಾ? ಗಟ್ಟಿಯಾಗಿ ಕೆರಿಯೇ, ಮುಂಡೇದೆ! ಸಾಹುಕಾರ್ರು ಈಗ ಬಂದ್ಬಿಡ್ತಾರೆ."

ಕೆಳಗಿಂದ ಕೂಗಿದವನು ಹೆರಿಗೆ ಆಸ್ಪತ್ರೆಯ ಅಧಿಕಾರಿ. ಏಣಿಯ ಮೇಲಿದ್ದವಳು ಅಲ್ಲಿ ಕಸ ಗುಡಿಸುವವಳು. ಅವಳ ಕೈಯ ತಗಡು ವಾರ್ಡಿನ ಬಾಗಿಲ ಸಜ್ಜಾದ ಮೇಲಿನ ಗೋಡೆಯಲ್ಲಿ ಬರೆದಿದ್ದ ಹೆಸರಿಗೆ ತಾಗಿ ನಿಂತುಬಿಟ್ಟಿತ್ತು. ಅದು ಅವಳ ಅವ್ವನ ಹೆಸರು.

ಅವ್ವ ಅಲ್ಲಿ ಆಯಾ ಆಗಿ ಸೇರಿದವಳು. ಡಾಕ್ಟರು ಬಾರದ ದಿನ ಹೆರಿಗೆ ಮಾಡಿಸಿದವಳೂ ಅವಳೇ, ರಕ್ತ ತೊಳೆದವಳೂ ಅವಳೇ. ಸತ್ತಾಗ ಸುತ್ತಲಿನ ಹೆಂಗಸರು ಹಟ ಹಿಡಿದು ಹೆಸರು ಬರೆಸಿದ್ದರು. ಈಗ ಹೊಸ ಚಾವಣಿಗೆ ದುಡ್ಡಿಲ್ಲವೆಂದು ಆಸ್ಪತ್ರೆಯವರು ಹೆಸರಿಡುವ ಹಕ್ಕನ್ನೇ ಮಾರಿದ್ದರು. ಆಪರೇಷನ್ ಕೋಣೆಗೊಬ್ಬ ಸಿಕ್ಕಿದ್ದ, ಕಾಯುವ ಬೆಂಚಿಗೂ ಒಬ್ಬ. ಹೆರಿಗೆ ವಾರ್ಡನ್ನು ಸಿಮೆಂಟ್ ಸಾಹುಕಾರ ಕೊಂಡಿದ್ದ.

ಮನೆಯಲ್ಲಿ ಈಗ ಮಗಳೊಬ್ಬಳೇ. ಬೆಳಿಗ್ಗೆ ಪೊರಕೆ ಹಿಡಿಯುವ ಮೊದಲು ಈ ಬಾಗಿಲಲ್ಲಿ ನಿಂತು, "ಬಂದೆ ಕಣವ್ವಾ" ಎನ್ನುತ್ತಿದ್ದಳು. ಎಷ್ಟೋ ದಿನ ಅವಳ ಬಾಯಿಂದ ಬರುತ್ತಿದ್ದ ಮಾತು ಅದೊಂದೇ.

"ಸಾರ್, ಬೇರೆ ಯಾರಿಗಾದ್ರೂ ಹೇಳಿ. ಇದು ನಮ್ಮವ್ವಂದು."

"ನಿಮ್ಮವ್ವ ಕಾಸು ಕೊಟ್ಟಿದ್ಲೇನೇ? ಹೊಲಸು ಬಾಚಿದೋರಿಗೆಲ್ಲಾ ಬೋರ್ಡ್ ಹಾಕಕ್ಕಾಗತ್ತಾ?"

"ನಿಮ್ಮನ್ನ ಈಚೆಗೆ ಎಳೆದಿದ್ದೂ ಅವಳೇ ಸಾರ್. ನಿಮ್ಮಮ್ಮನ್ನ ಕೇಳಿ."

ಬಾಗಿಲ ಬಳಿ ನಿಂತಿದ್ದ ನರ್ಸುಗಳು ನೆಲ ನೋಡಿದರು.

"ಇಳಿಯೇ ಕೆಳಗೆ, ಬೇವರ್ಸಿ! ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ!"

ಅವಳಿಳಿದಳು. ಅವನು ತಗಡು ಕಿತ್ತುಕೊಂಡು, ಕೋಟು ಬಿಚ್ಚಿ ಒಬ್ಬ ನರ್ಸಿನ ಕೈಗೆ ಕೊಟ್ಟು, ತಾನೇ ಹತ್ತಿದ. ಕೊನೆಯ ಅಕ್ಷರ ಎಟುಕದೆ ಸಜ್ಜಾದ ಮೇಲೇ ಕಾಲಿಟ್ಟು ನಿಂತು ಪರಪರ ಕೆರೆದ. ಬಣ್ಣದ ಚೂರುಗಳು ಅವಳ ತಲೆಯ ಮೇಲೆ, ಕಣ್ಣಿನ ಮೇಲೆ ಉದುರಿದವು.

ಅವಳು ಏಣಿ ತೆಗೆದಳು.

"ಏಯ್! ಇಡೇ! ಏಣಿ ಇಡೇ, ಲೌಡಿ!"

ಏಣಿಯನ್ನು ಹೆಗಲಿಗೇರಿಸಿ ಹೊರಟಳು.

"ಇಡಮ್ಮಾ... ಬಿದ್ದೋಗ್ತೀನಿ ಕಣಮ್ಮಾ!"

ಗೇಟಿನಲ್ಲಿ ಸಾಹುಕಾರನ ಕಾರು ಹಾರನ್ ಹೊಡೆಯಿತು. ಅವಳು ಸರಿಯಲಿಲ್ಲ. ಕಾರೇ ಹಿಂದಕ್ಕೆ ಹೋಗಿ ದಾರಿ ಬಿಟ್ಟಿತು.

ಬೀದಿಯ ತಿರುವಿನವರೆಗೂ ಕಿವಿಗೊಟ್ಟು ನಡೆದಳು. ಹಿಂದಿನಿಂದ ಯಾರಾದರೂ ಒಬ್ಬರು ಜೊತೆಗೆ ಬರಬಹುದು, ಒಬ್ಬ ನರ್ಸಾದರೂ, ಅನ್ನಿಸಿತ್ತು. ಯಾರೂ ಬರಲಿಲ್ಲ. ನಡೆದದ್ದನ್ನು ಹೇಳೋಣವೆಂದರೆ ಮನೆಯಲ್ಲಿ ಯಾರಿದ್ದಾರೆ?

ಹೆಗಲು ಬದಲಾಯಿಸಿ ಮುಂದೆ ನಡೆದಳು.