ಒಂಬತ್ತು ಸೆಕೆಂಡಿನ ಉಸಿರು

೨೦೨೪ನೆಯ ಇಸವಿ ಜನವರಿ ೮, ಸೋಮವಾರ. ಮನೆಯಂಗಳದಲ್ಲಿ ಜಂಬಪ್ಪ ಅಭ್ಯಾಸಕ್ಕೆ ಕೂಗಿದ ಕೂಗು ನನ್ನ ಕೈಗಡಿಯಾರದಲ್ಲಿ ಆರು ಸೆಕೆಂಡಿಗೆ ನಿಂತಿತು. ಬೇಕಾಗಿದ್ದುದು ಒಂಬತ್ತು.

ಮಕ್ತಲ್ ಮಾರುಕಟ್ಟೆಯಲ್ಲಿ ಶೇಂಗಾ ಹರಾಜಿನ ಸವಾಲು ಕೂಗುವವರು ಇಬ್ಬರು: ಸೋಮವಾರ ಮೊಗುಲಪ್ಪ, ಗುರುವಾರ ಜಂಬಪ್ಪ. ಕೊನೆಯ ದರವನ್ನು ಒಂದೇ ಉಸಿರಿನಲ್ಲಿ ಮೂರು ಸಲ ಕೂಗಬೇಕು; ಅದಕ್ಕೆ ಒಂಬತ್ತು ಸೆಕೆಂಡು. ಉಸಿರು ಕಡಿದರೆ ಆ ರಾಶಿಯ ಸವಾಲು ಮೊದಲಿನಿಂದ. ಡಿಸೆಂಬರಿನಲ್ಲಿ ಜಂಬಪ್ಪನ ಉಸಿರು ಹನ್ನೊಂದು ರಾಶಿಗಳಲ್ಲಿ ಕಡಿಯಿತು. ಮಾರ್ಚಿಗೆ ಸರಿಹೋಗದಿದ್ದರೆ ಬೇರೆಯವನನ್ನು ನಿಲ್ಲಿಸುವುದಾಗಿ ವರ್ತಕರು ತಿಳಿಸಿದರು. ನಾನು ಅವನ ನೆರೆಯವನು, ನಿವೃತ್ತ ಗಣಿತ ಶಿಕ್ಷಕ. ಆ ಸೋಮವಾರವೇ ಅವನನ್ನು ಗದ್ವಾಲಿಗೆ, ಧ್ವನಿ ಪರೀಕ್ಷಿಸುವ ಭುವನೇಶ್ವರಿಯವರ ಬಳಿಗೆ ಕರೆದೊಯ್ದೆ.

ಅವರು ಮೂಗು ಬಾಯಿ ಮುಚ್ಚುವ ಮುಖವಾಡ ಹಿಡಿದು ‘ಆ’ ಎನ್ನಿಸಿದರು. ಸೆಕೆಂಡಿಗೆ ಎಷ್ಟು ಗಾಳಿ ಹೊರಡುತ್ತದೆಂದು ಯಂತ್ರ ಅಳೆಯುತ್ತದೆ. ಆರೋಗ್ಯವಂತರಲ್ಲಿ ಸುಮಾರು ಇನ್ನೂರು ಮಿಲಿಲೀಟರ್ ಎಂದು ಕೇಳಿದ್ದೇ ಜಂಬಪ್ಪ ಎದೆಯುಬ್ಬಿಸಿದ. ನಾನೂರ ಹನ್ನೆರಡು.

“ನೋಡ್ರಿ ಮಾಸ್ತರ, ಡಬ್ಬಲ್ ಪಾಸಾದೆ!”

“ಇಲ್ಲಿ ಹೆಚ್ಚು ಬಂದೋರು ಫೇಲ್ ರೀ, ಅಪ್ಪಾರ,” ಎಂದರು ಭುವನೇಶ್ವರಿ.

ಸಹಜವಾಗಿ ಹೇಳಿಸಿದಾಗಲೂ ಅಂಕಿ ಇಳಿಯಲಿಲ್ಲ.

“ಕೂಗಿ ಕೂಗಿ ಗಂಟಲದಾಗ ಗಂಟು ಬಂದಾವು. ದನಿ ಹುಟ್ಟಿಸೋ ಎರಡು ಮಡಿಕೆ ಪೂರಾ ಮುಚ್ಚವಲ್ವು, ಗಾಳಿ ಸೋರಾಕತ್ತೈತಿ.”

“ಹಂಗಾದ್ರ ಇನ್ನೂ ಜೋರು ಕೂಗ್ಲೇನ್ರಿ?”

“ಕೂಗಿದಷ್ಟೂ ಸೋರತೈತಿ.”

ನಾನು ಭಾಗಿಸಿದೆ. ಯಂತ್ರ ತೋರಿಸಿದಂತೆ ಅವನ ಎದೆ ಹಿಡಿಯುವ ಗಾಳಿ ಎರಡೂವರೆ ಸಾವಿರ ಮಿಲಿಲೀಟರ್. ನಾನೂರ ಹನ್ನೆರಡಕ್ಕೆ ಆರೇ ಸೆಕೆಂಡು. ಒಂಬತ್ತು ಬರಬೇಕಾದರೆ ಸೋರಿಕೆ ಇನ್ನೂರ ಎಪ್ಪತ್ತೇಳಕ್ಕೆ ಇಳಿಯಬೇಕು. ಚೀಟಿಯಲ್ಲಿ ಬರೆದುಕೊಟ್ಟೆ. ಅವನು ಅದನ್ನು ಕನ್ನಡಿಗೆ ಅಂಟಿಸಿದ.

ಭುವನೇಶ್ವರಿಯವರು ಹೇಳಿದಂತೆ ಎಂಟು ವಾರ ಕೂಗಲಿಲ್ಲ. ದಿನಕ್ಕೆ ಐದು ಸಲ, ನೀರಿನ ಲೋಟದಲ್ಲಿ ಕೊಳವೆಯಿಟ್ಟು ಗುಂಯ್‌ಗುಟ್ಟುತ್ತ ಗುಳ್ಳೆ ಎಬ್ಬಿಸಿದ. ಒಂದು ದಿನವೂ ತಪ್ಪಲಿಲ್ಲ.

“ಮದುವ್ಯಾಗಿ ಮೂವತ್ತು ವರ್ಷಕ್ಕ ಮನಿ ತಣ್ಣಗಾತ್ರಿ,” ಎಂದಳು ಹೆಂಡತಿ ಕುರುಮಮ್ಮ.

ಆ ಎಂಟು ಗುರುವಾರಗಳನ್ನೂ ಮೊಗುಲಪ್ಪನೇ ಕೂಗಿದ. ಅದರ ಕೂಲಿ ತಾನು ಮುಟ್ಟಲಿಲ್ಲ. “ಮುಂದ ಪಾಳಿಗೆ ಪಾಳಿನೇ ಕೊಡು,” ಎಂದು ಜಂಬಪ್ಪನಿಗೆ ಹೇಳಿದ್ದ.

ಮಾರ್ಚ್ ೪ರಂದು ಗದ್ವಾಲಿನ ಯಂತ್ರ ಇನ್ನೂರ ಹದಿನಾಲ್ಕು ತೋರಿಸಿತು. ೭ನೆಯ ತಾರೀಖು, ಗುರುವಾರ, ಮೊದಲ ರಾಶಿಯ ಮುಂದೆ ಜಂಬಪ್ಪ ನಿಂತ. ವರ್ತಕರು ಸುತ್ತ ನೆರೆದರು.

“ಆರು ಸಾವಿರದ ಮುನ್ನೂರು, ಒಂದು ಸಾರಿ… ಎರಡು ಸಾರಿ… ಮೂರು ಸಾರಿ!”

ಒಂಬತ್ತು ಸೆಕೆಂಡು. ಉಸಿರು ಕಡಿಯಲಿಲ್ಲ. ಮೂವತ್ತು ರಾಶಿಗಳೂ ಹಾಗೆಯೇ ಮುಗಿದವು.

ಮೊಗುಲಪ್ಪ ಬೆನ್ನು ತಟ್ಟಿದ. “ಸೋಮವಾರ ನನ್ನ ಪಾಳಿನೂ ಕೂಗಲೇ, ಎಂಟರಾಗ ಒಂದು ತೀರತೈತಿ.”

“ಈ ಹಂಗಾಮಿಗೆ ವಾರಕ್ಕ ಒಂದೇ ಪಾಳಿ ಅಂದಾರ ಗದ್ವಾಲಿನ ಅಕ್ಕಾರು. ಮಾತು ಮೀರಂಗಿಲ್ಲ. ನಿನ್ನವು ಮುಂದಿನ ಹಂಗಾಮಿಗೆ.”

ಬಾಕಿ: ಎಂಟು ಪಾಳಿ.